ರೊಟ್ಟಿ ಸಪ್ಪಳ ಎಣಿಸಿದ ಬ್ಯಾಸಗಿ

ನೀವು ನಂಬೂದಿಲ್ಲ. ನಂಬಬ್ಯಾಡ್ರಿ, ನನಗೇನೂ ಲುಕ್ಸಾನ ಇಲ್ಲ. ಆದ್ರ ಹದಿನಾಕು ವರ್ಷದ ಹುಡುಗಿ ಒಬ್ಬಾಕಿ, ಬರೇ ತನ್ನ ಎರಡು ಕಿವಿ ಇಟಗೊಂಡು, ನಾಕನೂರು ಮನಿ ಊರನ್ನ ಒಂದು ಬ್ಯಾಸಗಿ ಪೂರಾ ಆಳಿದ್ಲು. ಗೌಡ ಆಳಲಿಲ್ಲ, ತಲಾಠಿ ಆಳಲಿಲ್ಲ, ಇಂಡಿ ಪ್ಯಾಟಿಯಿಂದ ಜೀಪಿನ್ಯಾಗ ಬರತಿದ್ದ ಮಾಮಲೇದಾರ ಸಾಹೇಬನೂ ಆಳಲಿಲ್ಲ. ನಾನು ಆಳಿದ್ನಿ. ನಾಕನೂರು ಅಂದ್ರ ನಾಕನೂರ ಅಂತ ಹಿಡೀಬ್ಯಾಡ್ರಿ, ನನ್ನ ಬಾಯಾಗ ಎಲ್ಲಾ ಒಂದೀಟು ಉಬ್ಬತೈತಿ. ಎರಡನೂರರ ಮ್ಯಾಲ ಇದ್ವು. ಉಳದದ್ದೆಲ್ಲಾ ಖರೇ.

ಮೊನ್ನಿ ಸಿಂದಗಿ ಸಂತ್ಯಾಗ ಹಳೇ ತಗಡಿನ ಡಬ್ಬಿ ಮಾರಾಂವ ಒಬ್ಬಾಂವ ಕುಂತಿದ್ದ. ಅತ್ತಿಗೆ ಹಿಟ್ಟು ಹಾಕಾಕ ಒಂದು ದೊಡ್ಡ ಡಬ್ಬಿ ಬೇಕಾಗಿತ್ತು. ಮುಚ್ಚಳ ತಗದು ಒಳಗ ಮಾರಿ ಹಾಕಿದ್ನಿ. ವಾಸನಿ ಮೂಗಿಗೆ ಹೊಡೀತು ನೋಡ್ರಿ. ಹಾಲಿನ ಪುಡಿ! ಸಿಹಿ ಸಿಹಿ, ಹಳಸಲು, ಒಂದೀಟು ತೊಯ್ದ ನಾಯಿ ವಾಸನಿನೂ.

"ಏನವಾ, ಒಳಗ ಇಳೀತೀ ಏನು?" ಅಂದ ಡಬ್ಬಿಯಾಂವ.

ಇಳದ ಬಿಟ್ಟಿದ್ನಿ. ಮೂರು ವರ್ಷ ಕೆಳಗ ಇಳದಿದ್ನಿ.

ಆ ವರ್ಷ ಮುಂಗಾರಿ ಬರಲಿಲ್ಲ. ಹಿಂಗಾರಿ ಬಂದಂಗ ಮಾಡಿ, ಬಾಗಲಾ ಬಡದು ಓಡಿ ಹೋತು. ಬ್ಯಾಸಗಿ ಅಂದ್ರ ಎಂಥಾ ಬ್ಯಾಸಗಿ! ಝಳಕಿ ರಸ್ತಾದಾಗ ಡಾಂಬರು ಕರಗಿ ಒಬ್ಬಾಂವನ ಚಪ್ಪಲಿ ಅಂಟಿಬಿಟ್ಟಿತು. ಚಪ್ಪಲಿ ಅಲ್ಲೇ ಬಿಟ್ಟು ಹೋದಾಂವ ಮರುದಿನ ಅದನ್ನ ಕಿತ್ತಾಕ ಬಂದು ಇನ್ನೊಂದನ್ನೂ ಬಿಟ್ಟು ಹೋದ. ಬಾವ್ಯಾಗ ಕೊಡ ಬಿಟ್ರ ನೀರಿನ ಸಪ್ಪಳಕ್ಕಿಂತ ಮೊದಲ ಕಲ್ಲಿನ ಸಪ್ಪಳ ಕೇಳತಿತ್ತು. ಕಾಗಿ ಸೈತ ನಡಕೋತ ಹೋಗತಿದ್ವು, ಹಾರಾಕ ಅವಕ್ಕ ದಮ್ಮ ಇರಲಿಲ್ಲ.

ಇಂಥಾ ಊರಿಗೆ ಮೂರು ಕಡೆಯಿಂದ ಪುಣ್ಯ ಬಂತು. ಮೂರೂ ಒಂದ ಸಲಕ್ಕ ಬಂದ್ವು, ಅದ ದೊಡ್ಡ ಗೋಳಾತು.

ಮೊದಲನೇದು ಪಾದ್ರಿ. ಊರ ಹೊರಗ ಬೇವಿನ ಗಿಡದ ಬಾಜೂಕ ಒಂದು ಸಣ್ಣ ಚರ್ಚು ಇತ್ತು. ಅಲ್ಲಿಯ ಪಾದ್ರಿ ಮುದ್ದೇಬಿಹಾಳ ಕಡೆಯಾಂವ, ನಮ್ಮಂಗ ಮಾತಾಡಾಂವ. ಕೋಟು ಹಾಕಿದ್ರೂ ಕಿಸೇದಾಗ ಎಲಿ ಅಡಕಿ ಇರತಿತ್ತು. ಆಂವನ ಹಂತೇಕ ಪರದೇಶದ ಹಾಲಿನ ಪುಡಿ ಡಬ್ಬಿಗಟ್ಟಲೆ ಬಂದ್ವು. ಮೊದಲ ವಾರ ಅದನ್ನ ಯಾರೂ ಕುಡೀಲಿಲ್ಲ. ಎಮ್ಮಿ ಇಲ್ಲದ ಹಾಲು ಹೆಂಗ ಆಗತೈತಿ? ಕುಡದ್ರ ನಾಲಿಗಿ ಮ್ಯಾಲ ಶಿಲುಬಿ ಮೂಡತೈತಿ ಅಂತ ಒಬ್ಬಾಕಿ ಹಬ್ಬಿಸಿದ್ಲು. (ನಾನ ಹಬ್ಬಿಸಿದ್ದು.) ಹೆಣಮಕ್ಕಳು ಅದರಲೇ ಅಂಗಳದಾಗ ರಂಗೋಲಿ ಹಾಕಿದ್ರು. ನಸಿಕ್ಲೇ ಎದ್ದು ನೋಡಿದ್ರ ಊರ ನಾಯೆಲ್ಲಾ ರಂಗೋಲಿ ನೆಕ್ಕಾಕತ್ತಿದ್ವು. ನಾಯಿ ಮೈ ತುಂಬಿಕೊಂಡದ್ದು ನೋಡಿದ ಮ್ಯಾಲ ಮಂದಿ ಕುಡ್ಯಾಕ ಚಾಲೂ ಮಾಡಿದ್ರು.

ಎರಡನೇದು ಸಾವಕಾರ. ಆಂವನ ಅಂಗಡಿ ಮುಂದ ದಿನಾ ಮಧ್ಯಾಹ್ನ ಗಂಜಿ. ನಮ್ಮಪ್ಪ ಆಂವನ ಗುಮಾಸ್ತ. ಗಂಜಿ ತಗೊಳ್ಳೂ ಮೊದಲ ಸಾವಕಾರ ಅಪ್ಪನ ಮಾಲಿ ಹಾಕಿದ ಫೋಟೋಕ್ಕ ಕೈ ಮುಗೀಬೇಕು. ಫೋಟೋದಾಗಿನ ಮುದುಕನ ಮಾರಿ ನೋಡಿದ್ರ ಆಂವ ಜನ್ಮದಾಗ ಯಾರಿಗೂ ಒಂದು ಚಿಮಟಿ ಉಪ್ಪು ಕೊಟ್ಟಂಗ ಕಾಣತಿರಲಿಲ್ಲ.

ಮೂರನೇದು ಸರ್ಕಾರ. ಝಳಕಿ ರಸ್ತಾದಾಗ ಖಡಿ ಒಡಿಯೋ ಕಾಮಗಾರಿ. ಗಂಡಸರು ಹೆಂಗಸರು ಕೂಡಿ ಬಿಸಲಾಗ ಕಲ್ಲು ಒಡೀಬೇಕು, ವಾರಕ್ಕೊಮ್ಮೆ ಜ್ವಾಳ ಅಳದು ಕೊಡ್ತಾರ. ರಸ್ತಾ ಎಲ್ಲಿಗೆ ಹೋಗತೈತಿ ಅಂತ ಯಾರಿಗೂ ಗೊತ್ತಿರಲಿಲ್ಲ. ಇವತ್ತಿಗೂ ಅದು ಒಂದು ಹಳ್ಳದಾಗ ಹೋಗಿ ನಿಂತೈತಿ.

ಮೂರೂ ಕಡೆ ಅವ ಮಾರಿ ಕಾಣಾಕತ್ತಿದ್ವು. ನಸಿಕ್ಲೇ ಹಾಲು, ಹೊತ್ತೇರಿದ ಮ್ಯಾಲ ಕಲ್ಲು, ಮಧ್ಯಾಹ್ನ ಗಂಜಿ. ಒಂದು ಸೋಮವಾರ ಚಾವಡ್ಯಾಗ ಮೂರೂ ದೊಡ್ಡ ಮಂದಿ ಕೂಡಿದ್ರು. ಅಪ್ಪನ ಜೋಡಿ ನಾನೂ ಹೋಗಿ ಕಂಬದ ಬುಡಕ್ಕ ಕುಂತಿದ್ನಿ.

"ನಮ್ಮ ಖಡಿ ಒಡಿಯೋ ಮಂದಿ ಹನ್ನೊಂದು ಹೊಡದ ಕೂಡ್ಲೇ ಸುತಗಿ ಒಗದು ನಿಮ್ಮ ಗಂಜಿಗೆ ಓಡ್ತಾರ," ಅಂದ ಮಾಮಲೇದಾರ ಸಾಹೇಬ, ಸಾವಕಾರಗ. "ದುಡದು ತಿನ್ನಲಿ ಅಂತ ಸರ್ಕಾರ ಅನ್ನತೈತಿ. ನೀವು ಪುಕ್ಕಟ ಹಾಕಿ ಕೆಲಸ ಕೆಡಸಾಕತ್ತೀರಿ."

"ಸರ್ಕಾರ ನಿನ್ನಿ ಬಂತ್ರಿ ಸಾಹೇಬ್ರ," ಅಂದ ಸಾವಕಾರ. "ನಮ್ಮಪ್ಪ ಗಂಜಿ ಹಾಕೂ ಕಾಲಕ್ಕ ನಿಮ್ಮ ಕಚೇರಿ ಜಾಗಾದಾಗ ಅಗಸರ ಕತ್ತಿ ಕಟ್ಟತಿದ್ರು."

ಪಾದ್ರಿ ಸಣ್ಣ ದನೀಲೆ, "ಹಸದಾಂವ ಕೈ ಚಾಚಿದ್ರ ನೀ ಯಾರಂವ ಅಂತ ಕೇಳಬಾರ್ದ್ರಿ," ಅಂದ.

"ಕೇಳಬಾರ್ದು ಅಂತೀರಿ, ಹಾಲು ಹಾಕೂ ಮೊದಲ ಹಾಡ ಹಾಡಸ್ತೀರಲ್ರಿ?"

"ಹಾಡಿದ್ರ ಹೊಟ್ಟಿಗೇನೂ ಆಗೂದಿಲ್ರಿ ಸಾವಕಾರ್ರ. ನಿಮ್ಮಪ್ಪಾರ ಫೋಟೋ ನೋಡಿದ್ರ ಹುಡುಗೂರು ಅಂಜತಾವ."

ನಾನು ನಕ್ಕ ಬಿಟ್ನಿ. ಅಪ್ಪ ತೊಡಿ ಚೂಟಿದ.

ಕಡೀಕ ಒಂದು ನಿಕಾಲಿ ಆತು. ಮೂರೂ ಕಡೇದು ಕೂಡಿ ಒಂದ ಯಾದಿ ಮಾಡಬೇಕು. ಯಾರ ಮನ್ಯಾಗ ಇನ್ನೂ ರೊಟ್ಟಿ ಆಗತೈತೋ ಅವರ ಹೆಸರು ಹೊಡೀಬೇಕು. ಖರೇ ಗತಿ ಇಲ್ಲದವರಿಗೆ ಅಷ್ಟ ಕೊಡಬೇಕು. ಛಲೋ ಮಾತು. ಆದ್ರ ಯಾರಿಗೆ ಗತಿ ಇಲ್ಲ ಅಂತ ತಿಳಿಯೂದು ಹೆಂಗ? ಊರ ಲೆಕ್ಕ ಬರಿಯೋ ತಲಾಠಿ ಮನಿ ಮನಿ ಹೊಕ್ಕು ಗಡಿಗಿ ನೋಡಿ ಬಂದಿದ್ದ. ಊರಾಗಿನ ಎಲ್ಲಾ ಗಡಿಗಿ ಬರಿದು! ಜ್ವಾಳ ಗಡಿಗ್ಯಾಗ ಯಾಕಿರತೈತ್ರಿ? ಹಗೇದಾಗ ಇರತೈತಿ. ಅಂಗಳದಾಗ ಎರಡಾಳು ಆಳದ ಕುಣಿ ತೋಡಿ, ಜ್ವಾಳ ತುಂಬಿ, ಮ್ಯಾಲ ಮಣ್ಣು ಮುಚ್ಚಿ ಅದರ ಮ್ಯಾಲ ಎಮ್ಮಿ ಕಟ್ಟಿದ್ರ ಯಾವ ತಲಾಠಿ ಎಮ್ಮಿ ಎಬ್ಬಸ್ತಾನ?

ಆವಾಗ ಅಪ್ಪಗ ಸಾಹೇಬನ ಮುಂದ ಹೆಚ್ಚಗಾರಿಕಿ ಮಾಡೂ ಮನಸಾತು. ನನ್ನ ಗುಣ ಎಲ್ಲಿಂದ ಬಂತು ಅಂತ ನಿಮಗ ಈಗ ತಿಳೀತು. "ನಮ್ಮ ಕಸ್ತೂರಿ ಗ್ವಾಡಿ ಆಚಿಗಿಂದ ರೊಟ್ಟಿ ಎಣಸ್ತಾಳ್ರಿ ಸಾಹೇಬ್ರ," ಅಂದ.

ಇದು ಖರೇ ಇತ್ತು. ಸಣ್ಣಾಕಿ ಇದ್ದಾಗಿಂದ ನನಗ ಅದ ಆಟ. ಜ್ವಾಳದ ರೊಟ್ಟಿಗೆ ಒಂದು ನಡಿಗಿ ಐತಿ. ಮೊದಲು ಹಿಟ್ಟು ದಪ್ಪ ಇರತೈತಿ, ಬಡದ್ರ ದಪ್ ದಪ್ ಅಂತೈತಿ. ಅಗಲ ಆದಂಗ ಸಪ್ಪಳ ತೆಳ್ಳಗಾಗತೈತಿ, ಟಪ ಟಪ, ಕಡೀಕ ಪಟ ಪಟ ಪಟ. ಆಮ್ಯಾಲ ಒಂದು ಗಳಿಗಿ ಸುಮ್ಮನ, ಅಂದ್ರ ರೊಟ್ಟಿ ಕೈಯಾಗ ಐತಿ. ಹಂಚಿನ ಮ್ಯಾಲ ಬಿದ್ದು ನೀರು ಸವರಿದ್ರ ಚುಂಯ್. ಒಂದು ಚುಂಯ್ ಅಂದ್ರ ಒಂದು ರೊಟ್ಟಿ. ಸೊಸಿ ಬಡಿಯೂದು ಬ್ಯಾರೆ, ಅತ್ತಿ ಬಡಿಯೂದು ಬ್ಯಾರೆ. ಗಂಡನ ಮ್ಯಾಲ ಸಿಟ್ಟಿದ್ದಾಕಿ ಬಡಿಯೂದಂತೂ ಬೀಗರ ಊರಿಗೆ ಕೇಳತೈತಿ.

ಸಾಹೇಬ ನಕ್ಕು, ಚಾವಡಿ ಹಿಂದಿನ ಗೌಡರ ವಾಡೇದ ಕಡೆ ಬೆರಳು ಮಾಡಿದ. ಅಲ್ಲಿ ಆಂವನ ಊಟದ ಸಲವಾಗಿ ರೊಟ್ಟಿ ಆಗಾಕತ್ತಿದ್ವು. ನಾನು ಕಣ್ಣು ಮುಚ್ಚಿದ್ನಿ. ಮುಚ್ಚೂದೇನೂ ಬೇಕಾಗಿರಲಿಲ್ಲ, ಕುಂತಾಗಿಂದ ಎಣಿಸಾಕತ್ತಿದ್ನಿ, ಆದ್ರ ಕಣ್ಣು ಮುಚ್ಚಿದ್ರ ಮಂದಿಗೆ ಭಾಳ ಚಂದ ಕಾಣತೈತಿ.

"ಒಂಬತ್ತು ಆದ್ವು. ಹತ್ತನೇದು ಈಗ ಹರೀತು."

ಊರ ಕಾಯೋ ವಾಲೀಕಾರ ಲಕ್ಕಪ್ಪ ಓಡಿ ಹೋಗಿ ನೋಡಿ ಬಂದ. "ಹೌದ್ರಿ ಯಪ್ಪಾ. ಹರದದ್ದನ್ನ ಮುದುಕಿ ಸೆರಗಿನ್ಯಾಗ ಮುಚ್ಚಿಕೊಂಡ ಕುಂತಾಳ್ರಿ."

ಅವತ್ತಿಂದ ನಾನು ಸರ್ಕಾರ. ದಿನಾ ನಸಿಕ್ಲೇ ಲಕ್ಕಪ್ಪ ಬೆತ್ತ ಹಿಡಕೊಂಡು ಮುಂದ, ನಾನು ಹಿಂದ, ಓಣಿ ಓಣಿ. ನಾನು ಬೆರಳು ಎತ್ತಿದ್ರ ಆಂವ ಆ ಮನಿ ಕಟ್ಟಿ ಮ್ಯಾಲ ಇದ್ದಲಿಲೆ ಒಂದು ಗೀಟು ಎಳೀತಿದ್ದ. ಗೀಟು ಬಿತ್ತು ಅಂದ್ರ ಹಾಲಿಲ್ಲ, ಗಂಜಿ ಇಲ್ಲ, ಕಲ್ಲೂ ಇಲ್ಲ. ನನ್ನ ಕೂಲಿ ದಿನಾ ಒಂದು ವಾಟೆ ಹಾಲಿನ ಪುಡಿ. ನೀರು ಹಾಕದ ಹಂಗ ಮುಕ್ಕತಿದ್ನಿ. ಬಾಯಿ ಅಂಗುಳಕ್ಕ ಅಂಟಿ ಮಧ್ಯಾಹ್ನತನಕ ಮಾತ ಬರತಿರಲಿಲ್ಲ. ಅಷ್ಟೊತ್ತು ಊರಿಗೆ ಸುಖ ಇರತಿತ್ತು.

ಮಂದಿ ಏನು ದಡ್ಡರೇನ್ರಿ? ಎಂಟು ದಿನದಾಗ ಊರಿಗೂರ ಸುಮ್ಮನಾತು. ಕಟಗಿ ಹಲಗಿ ಮ್ಯಾಲ ರೊಟ್ಟಿ ಬಡಿಯೂದು ಬಿಟ್ಟು ಎರಡು ಅಂಗೈ ನಡುವ ಇಟ್ಟು ಒತ್ತಾಕತ್ತಿದ್ರು. ಅಂಥಾ ರೊಟ್ಟಿ ಚಪ್ಪಲಿ ಹೊಲಿಯೂವಷ್ಟು ದಪ್ಪ ಆಗತಿದ್ವು. ಒಬ್ಬಾಕಿ ಕೌದಿ ಒಳಗ ಕುಂತು ಬಡದು ಬೆವತು ಎಚ್ಚರ ತಪ್ಪಿ ಬಿದ್ಲು. ನಾ ಬಿಡತೇನೇನು? ಮೂಗು ಹಚ್ಚಿ ಹಿಡದ್ನಿ. ಸುಟ್ಟ ಹಿಟ್ಟಿನ ವಾಸನಿ ಕೌದಿ ಒಳಗ ಅಡಗೂದಿಲ್ಲ. ದೊಡ್ಡ ದೊಡ್ಡ ಹೆಣಮಕ್ಕಳು ಓಣ್ಯಾಗ ನನ್ನ ನಿಂದರಿಸಿ, "ಯವ್ವಾ ಕಸ್ತೂರಿ, ಉಂಡೀ?" ಅಂತ ಕೈಯಾಗ ಬೆಲ್ಲ ಇಡಾಕತ್ತಿದ್ರು. ಬೆಲ್ಲಾನೂ ತಿಂತಿದ್ನಿ, ಬೆರಳೂ ಎತ್ತತಿದ್ನಿ.

ಬೆರಳು ಎತ್ತದ ಮನಿ ಒಂದಿತ್ತು. ನಮ್ಮದು. ನಮ್ಮ ಹಗೇದಾಗ ಜ್ವಾಳ ಇತ್ತು, ಅವ್ವ ದಿನಾ ಎಲ್ಲಾರಿಗೂ ಕೇಳೂವಂಗ ರೊಟ್ಟಿ ಬಡೀತಿದ್ಲು. ಯಾದ್ಯಾಗ ನಮ್ಮ ಹೆಸರು ಐತಿ ಅಂತ ಆಕಿಗೆ ಗೊತ್ತಿರಲಿಲ್ಲ. ಮನಿಗೆ ಬರೂದನ್ನೆಲ್ಲಾ ಸಾವಕಾರ ಪ್ರೀತೀಲೆ ಕೊಡ್ತಾನ ಅಂತ ಅಪ್ಪ ಹೇಳಿದ್ದ. ನಮ್ಮ ಮನಿ ಮುಂದ ಬಂದ ಕೂಡ್ಲೇ ನನ್ನ ಕಿವಿಗೆ ಗಾಳಿ ಹೊಗತಿತ್ತು. "ಏನೂ ಇಲ್ಲ ಕಾಕಾ, ನಡೀ," ಅಂತಿದ್ನಿ. ಲಕ್ಕಪ್ಪ ನನ್ನ ನೋಡತಿದ್ದ, ಒಳಗಿನ ಪಟಪಟ ಕೇಳತಿದ್ದ, ಮತ್ತ ನನ್ನ ನೋಡತಿದ್ದ. ಆಂವನ ಮನಿ ಮುಂದೂ ನನಗ ಏನೂ ಕೇಳತಿರಲಿಲ್ಲ, ಅದಕ್ಕ ಆಂವ ಸುಮ್ಮನಿದ್ದ.

ಈಗ ಶಾಂತಾಬಾಯಿ. ಆಕಿ ತೀರಿಹೋದ ಮಾಸ್ತರ ಹೆಂಡ್ತಿ. ನಮ್ಮ ಓಣಿ ಕಡೇ ಮನಿ. ಮಗಳೂ ಸತ್ತು, ಐದು ವರ್ಷದ ಮೊಮ್ಮಗಳು ಚಂಪಾ ಆಕಿ ಉಡ್ಯಾಗ ಉಳದಿತ್ತು. ಒಂದು ಕಾಲಕ್ಕ ಊರಿಗೆಲ್ಲಾ ಮಜ್ಜಿಗಿ ಕೊಟ್ಟಾಕಿ, ಸಾಲಿ ಹುಡುಗೂರಿಗೆ ಪಾಟಿ ಕೊಡಿಸಿದಾಕಿ. ಕೊಟ್ಟ ಕೈ ಚಾಚೂದಿಲ್ಲ ಅಂತ ಆಕಿ ಎಲ್ಲಿಗೂ ಬರತಿರಲಿಲ್ಲ. ಪಾದ್ರಿ ತಾನ ಹುಡುಗಿ ಹೆಸರು ಬರಕೊಂಡಿದ್ದ. ಚಂಪಾ ಒಬ್ಬಾಕೇ ವಾಟೆ ಹಿಡಕೊಂಡು ಬಂದು, ಹಾಲು ಕುಡದು, ಬಾಯಿ ಒರಸದ ಹೋಗತಿತ್ತು. ಹಾಲಿನ ಮೀಸಿ ಹೊತ್ತು ಮುಣಗೂತನಕ ಇಟ್ಟಕೋತಿತ್ತು.

ಊರೆಲ್ಲಾ ರೊಟ್ಟಿ ಸಪ್ಪಳ ಮುಚ್ಚಾಕತ್ತಾಗ ಒಂದ ಮನ್ಯಾಗ ಸಪ್ಪಳ ಏರಿತ್ತು. ಶಾಂತಾಬಾಯಿದು. ದಿನಾ ನಸಿಕ್ಲೇ, ಊರ ಅಗಸಿ ಬಾಗಲತನಕ ಕೇಳೂವಂಗ. ನಾನು ಬಾಗಲಾ ಹಂತೇಕ ನಿಂತು ಕೇಳಿದ್ನಿ. ಟಪ ಟಪ ಟಪ. ಮೊದಲಿಂದ ಕಡೀತನಕ ಒಂದ ಸಪ್ಪಳ. ದಪ್ಪಂದು ತೆಳ್ಳಗಾಗಲಿಲ್ಲ. ಸುಮ್ಮನ ಗಳಿಗಿ ಬಂತು, ಚುಂಯ್ ಬರಲಿಲ್ಲ. ಒಲ್ಯಾಗ ಹಸಿ ಕಟಗಿ ಹೊಗಿ, ಹಂಚಿನ ಮ್ಯಾಲ ಏನೂ ಇಲ್ಲ. ಆಕಿ ಬರೇ ಹಲಗಿ ಬಡ್ಯಾಕತ್ತಿದ್ಲು. ಓಣಿಗೆ ಕೇಳಲಿ, ಮಾಸ್ತರ ಮನ್ಯಾಗ ಒಲಿ ಹತ್ತೇತಿ ಅನ್ನಲಿ ಅಂತ.

ನನಗ ಅಷ್ಟು ನಗಿ ಬಂತು, ಕಟ್ಟಿ ಹಿಡಕೊಂಡು ಕುಂತ್ನಿ.

"ಎಷ್ಟವಾ?" ಲಕ್ಕಪ್ಪ ಕೇಳಿದ.

ನಾನು ಬೆರಳು ಎತ್ತಿದ್ನಿ. "ಹದಿನಾಕು! ಸಾವಕಾರ ಮನ್ಯಾಗೂ ಇಷ್ಟಾಗೂದಿಲ್ಲ ಕಾಕಾ."

ಯಾಕ ಅಂದ್ನಿ? ಹೇಳಿಬಿಡತೇನಿ. ಚಾವಡ್ಯಾಗ ಹೇಳಿದ್ರ ಎಲ್ಲಾರೂ ನಗತಾರ ಅಂತ ಅಂದ್ನಿ. ನಕ್ಕರು. ಮುದುಕಿ ಮೊಮ್ಮಗಳು ಇಬ್ಬರ ಇದ್ದು ಹದಿನಾಕು ರೊಟ್ಟಿ ತಿಂತಾರ ಅಂತ ಸಾವಕಾರ ಹೊಟ್ಟಿ ಹಿಡಕೊಂಡ ನಕ್ಕ. ಇದ್ದಲಿ ಗೀಟು ಬಿತ್ತು.

ಮರುದಿನ ಚಂಪಾ ವಾಟೆ ಹಿಡಕೊಂಡು ಬಂದು ಸಾಲಿನ್ಯಾಗ ನಿಂತಿತು. ಲಕ್ಕಪ್ಪ ಅದರ ರಟ್ಟಿ ಹಿಡದು ಬಾಜೂಕ ಸರಸಿದ. "ನಿಮ್ಮ ಮನ್ಯಾಗ ಹದಿನಾಕು ರೊಟ್ಟಿ ಆಗತಾವ. ಹೋಗ್ ಉಣ್ಣು." ಆ ಹುಡುಗಿ ಮನಿಗೆ ಓಡಿ ಹೋತು. ಖುಷೀಲೆ ಓಡಿತು, ಅದನ್ನ ನಾ ನೋಡಿದ್ನಿ. ರೊಟ್ಟಿ ಆಗ್ಯಾವ ಅಂತ ತಿಳಕೊಂಡಿತ್ತು.

ನಾಕು ದಿನದ ಮ್ಯಾಲ ಬಾವಿ ಹಂತೇಕ ಶಾಂತಾಬಾಯಿ ನನ್ನ ಹಿಡದ್ಲು. ಸೀರಿ ನಿರಿಗಿ ನೆಟ್ಟಗ, ಹಣಿ ನೆಟ್ಟಗ, ಕೊಡ ಮಾತ್ರ ಎತ್ತಾಕ ಬರವಲ್ದು.

"ಕಸ್ತೂರಿ, ನಿನ್ನ ಕಿವಿ ಭಾಳ ಶಾಣೇ ಅಂತಾರ."

"ಅಂತಾರ್ರಿ ಆಯಿ."

"ನಮ್ಮ ಮನ್ಯಾಗ ಎಷ್ಟು ಕೇಳಿದ್ವು?"

"ಹದಿನಾಕ್ರಿ."

ಆಕಿ ನನ್ನ ಕಣ್ಣಾಗ ನೋಡಿದ್ಲು. ನನಗ ಗೊತ್ತೈತಿ ಅಂತ ಆಕಿಗೆ ಗೊತ್ತಾತು.

"ಹಂಗ ಹೇಳವಾ. ಒಂದೂ ಕಡಿಮಿ ಮಾಡಬ್ಯಾಡ," ಅಂದ್ಲು. ಆಮ್ಯಾಲ ದನಿ ಸಣ್ಣದಾತು. "ಆದ್ರ ಚಂಪಾಂದು... ಆಕಿ ಹೆಸರು ನಿಮ್ಮ ಮನೀಗೆ ಹಚ್ಚಿ ಬರಸ್ತೀ ಏನು? ನಿಮ್ಮದು ಯಾದ್ಯಾಗ ಐತೆಲ್ಲ. ಮಾಸ್ತರ ಮೊಮ್ಮಗಳಲ್ಲ, ನಿಮ್ಮ ಪೈಕಿ ಯಾರದೋ ಕೂಸು ಅನ್ನು. ಹಾಲು ನಿಂತಾಗಿಂದ ಅದು ಮಲಗವಲ್ದು. ಬೆರಳು ಚೀಪಿ ಚೀಪಿ ತೊಗಲ ಬಿಳೀ ಆಗೈತಿ."

"ಬರಸ್ತೇನ್ರಿ ಆಯಿ."

"ಹಲಗೀದು ಯಾರ ಮುಂದೂ..."

"ನಿಮ್ಮಾಣಿ ಆಯಿ."

ಆಕಿ ನನ್ನ ತಲಿ ಮ್ಯಾಲ ಕೈ ಇಟ್ಲು. ಕೊಟ್ಟು ಕೊಟ್ಟು ರೂಢಿ ಆದ ಕೈ ಅದು, ಬರಿದು ಇದ್ದಾಗೂ ಏನೋ ಕೊಟ್ಟಂಗ ಆಗತಿತ್ತು. ಖರೇನ ಬರಸಾಕ ಇದ್ನಿ. ಸುಳ್ಳು ಹೇಳೂದು ನನಗ ಯಾವಾಗ ತ್ರಾಸ ಆಗೇತಿ?

ಸೋಮವಾರ ಬಂತು. ಅವತ್ತು ಸಾಹೇಬ ಬಿಜಾಪುರದಿಂದ ಒಬ್ಬ ಫೋಟೋದಾಂವನ್ನ ಕರಕೊಂಡು ಬಂದಿದ್ದ. ನಮ್ಮ ಕೆಲಸ ಮ್ಯಾಲಿನವರಿಗೆ ಕಾಣಲಿ ಅಂತ. ಸಾವಕಾರ ಹೊಸಾ ಪಟಗಾ ಸುತ್ತಿದ್ದ. ಪಾದ್ರಿ ಕೋಟಿನ ಗುಂಡಿ ಹಾಕಿದ್ದ, ಬಾಜೂಕ ಹಾಲಿನ ಡಬ್ಬಿ ಇಟ್ಟಿದ್ದ. ಚಾವಡಿ ತುಂಬಾ ಮಂದಿ. ಜಗ್ಗಿ ಮಂದಿ ನೋಡಿದ್ರ ನನಗ ಮೈಯಾಗ ಜಾತ್ರಿ ಆಗತೈತಿ.

"ಕಸ್ತೂರಿ, ಫೋಟೋದ ಸಾಹೇಬ್ರಿಗೆ ಒಂದೀಟು ತೋರಸವಾ," ಅಂದ ಅಪ್ಪ.

ನಾನು ಮೇಜಿನ ಮುಂದ ಕುಂತು, ಕೈ ತೊಳದಂಗ ಮಾಡಿ, ಬಡ್ಯಾಕತ್ನಿ. "ಇದು ಗೌಡಶಾನಿ." ದಪ್... ದಪ್... ನಡುವ ಆಕಿ ಆಕಳಿಸೂದು. ಮಂದಿ ನಕ್ಕಿತು. "ಇದು ಸಾವಕಾರ್ರ ಸೊಸಿ." ಪಟ ಪಟ ಪಟ, ಅತ್ತಿ ಬಂದ ಕೂಡ್ಲೇ ದಪ್ ದಪ್. ಸಾವಕಾರನೂ ನಕ್ಕ, ಕಣ್ಣಾಗ ನೀರು ಬಂತು. "ಇನ್ನೊಂದು!" ಅಂದ ಫೋಟೋದಾಂವ. ಮಾಡಿದ್ನಿ. "ಇನ್ನೊಂದು!" ಅಂದ್ರು. ನನ್ನ ಹಂತೇಕ ಮನಿ ಮುಗದಿದ್ವು. ಛಲೋ ಛಲೋ ಮನಿ ಎಲ್ಲಾ ಮುಗದು ಒಂದ ಉಳದಿತ್ತು.

ಅದನ್ನ ಬಿಡಬಹುದಾಗಿತ್ತು.

"ಇದು ರೊಟ್ಟಿ," ಅಂದು ಬಡದ್ನಿ, ದಪ್ಪ ಸಪ್ಪಳ ತೆಳ್ಳಗಾತು. "ಇದು ಶಾಂತಾಬಾಯಿ." ಟಪ ಟಪ ಟಪ ಟಪ. ಬರೇ ಮೇಜು. ಎರಡೂ ಅಂಗೈ ಎತ್ತಿ ಮಂದಿಗೆ ತೋರಿಸಿದ್ನಿ. ಹಿಟ್ಟಿಲ್ಲ. ಇಲ್ಲದ ರೊಟ್ಟಿ ಎತ್ತಿ ಇಲ್ಲದ ಹಂಚಿಗೆ ಹಾಕಿದ್ನಿ. "ಹದಿನಾಕು!"

ಎಂಥಾ ನಗಿ ಅಂತೀರಿ! ಕೌದ್ಯಾಗ ಬಡದು ಎಚ್ಚರ ತಪ್ಪಿದಾಕಿ ಎಲ್ಲಾರಕ್ಕಿಂತ ಜೋರ ನಕ್ಲು.

ಬಾಗಲದಾಗ ಶಾಂತಾಬಾಯಿ ನಿಂತಿದ್ಲು. ವಾಟೆ ತಂದಿದ್ದ ಚಂಪಾನ ಕೈ ಹಿಡಕೊಂಡು, ಹೆಸರು ಹಚ್ಚೂದು ಆತೇನು ಅಂತ ನೋಡಾಕ ಬಂದಿದ್ಲು.

ಆಕಿ ತಿರಗಿ ಹೋಗತಿದ್ಲು. ಆದ್ರ ಮೂರೂ ದೊಡ್ಡ ಮಂದಿ ಒಮ್ಮೆಲೆ ಎದ್ರು.

"ಇಂಥಾಕೀನ್ನ ನೋಡ್ರಿ ನಾವು ಹುಡುಕಾಕತ್ತಿದ್ದು!" ಅಂದ ಸಾಹೇಬ. "ಖರೇ ನಿರ್ಗತಿಕಳು. ಸರ್ಕಾರದಿಂದ ತಿಂಗಳಾ ಜ್ವಾಳ ಕೊಡಸ್ತೇನಿ. ಫೋಟೋ ತಗೀರಿ."

"ನಮ್ಮೂರ ಮಾಸ್ತರ ಹೆಂಡ್ತಿ, ನಮ್ಮ ಊರ ಮರ್ಯಾದಿ," ಅಂದ ಸಾವಕಾರ. "ಆಕೀದು ನಾ ನೋಡಕೋತೇನಿ. ಸೀರಿ, ಗಂಜಿ, ಎಲ್ಲಾ."

"ಹುಡುಗಿ ಮೊದಲಿಂದ ನಮ್ಮ ಕಡೇದ್ರಿ," ಅಂದ ಪಾದ್ರಿ. "ಎರಡು ಹೊತ್ತು ಹಾಲು ಕೊಡ್ತೇನಿ. ಬಾಯಿಯವರ, ತಪ್ಪು ತಿಳೀಬ್ಯಾಡ್ರಿ."

ಊರ ತುಂಬಾ ಕೈ ಚಾಚಿದವರು ನಿಂತಿದ್ರು, ಈ ಮೂವರಿಗೂ ಕೈ ಚಾಚದಾಕಿ ಬೇಕಾದ್ಲು. ಸಾಹೇಬ ಲಕ್ಕಪ್ಪನ್ನ ಕಳಸಿ ಆಕಿ ಮನಿಯಿಂದ ಆಕೀದ ಹಲಗಿ ತರಿಸಿದ. ನೆಲದ ಮ್ಯಾಲ ಇಟ್ರು. "ಕುಂಡ್ರಬೇ ಮುದುಕಿ. ಒಂದೀಟು ಬಡದು ತೋರಸು, ಫೋಟೋದಾಗ ಬರಲಿ."

ಶಾಂತಾಬಾಯಿ ಪಾದ್ರಿ ಮಾರಿ ನೋಡಿದ್ಲು. "ಎರಡು ಹೊತ್ತು ಹಾಲು ಖರೇ ಏನ್ರಿ?"

"ಖರೇ ಅವ್ವಾ."

ಆಕಿ ಚಂಪಾನ ಕೈ ಬಿಟ್ಲು. ಸೆರಗು ಸರಿ ಮಾಡಿಕೊಂಡು ಕುಂತ್ಲು. ಹಿಂದ ಮೂವರೂ ಸಾಲಾಗಿ ನಿಂತ್ರು. ನನ್ನ ಬಾಜೂಕ ಕುಂಡ್ರಿಸಿ ಕಿವಿಗೆ ಕೈ ಇಟಗೋ ಅಂದ್ರು. ಇಟಗೊಂಡ್ನಿ. ಹಲ್ಲೂ ತಗದ್ನಿ.

"ಬಡಿ," ಅಂದ ಸಾಹೇಬ.

ಟಪ. ಟಪ.

"ಹಿಂಗಲ್ಲ. ದಿನಾ ಬಡದಂಗ ಬಡಿ."

ಟಪ ಟಪ ಟಪ ಟಪ. ಆಕಿ ಕೈ ನೋಡಿದ್ನಿ. ಅಂಗೈ ಕೆಂಪಾಗಿ ಒಡದಿತ್ತು. ಹಿಟ್ಟಿದ್ರ ಕೈಗೆ ಏನೂ ಆಗೂದಿಲ್ಲ. ಚಂಪಾ ಹಲಗಿ ಮುಂದ ಬಂದು ಕುಕ್ಕರಗಾಲಿಲೆ ಕುಂತು, ಬಗ್ಗಿ ನೋಡಾಕತ್ತಿತು.

"ಆಯಿ, ಇವತ್ತರ ರೊಟ್ಟಿ ಬರತಾವೇನು?"

ಮಂದಿ ಮತ್ತ ನಕ್ಕಿತು. ಫೋಟೋದಾಂವ, "ಹುಡುಗೀನ್ನ ಹಂಗ ಬಿಡ್ರಿ, ಛಲೋ ಕಾಣತೈತಿ," ಅಂದ.

ಆವಾಗ ಅವ್ವ ಬಂದ್ಲು.

ಯಾರ ಹೇಳಿದ್ರೋ ಏನೋ. ರೊಟ್ಟಿ ಬಡಿಯೂದು ನಡುವ ಬಿಟ್ಟು ಬಂದಿದ್ಲು. ಮಣಕೈತನಕ ಹಿಟ್ಟು. ಚಾವಡಿ ಅಂದ್ರ ಹೆಣಮಕ್ಕಳು ಬಾಗಲದಾಗ ನಿಂದ್ರೂದು, ಆಕಿ ನಟ್ಟ ನಡುವ ಬಂದು ನಿಂತ್ಲು. ಎಲ್ಲಾರೂ ಮಾರಿ ಬಿಟ್ಟು ಆಕಿ ಕೈ ನೋಡಾಕತ್ತಿದ್ರು.

"ತಲಾಠಿಯವರ, ನಮ್ಮ ಮನಿ ಹೆಸರು ಐತೇನ್ರಿ ಅದರಾಗ?"

ತಲಾಠಿ ಅಪ್ಪನ ಕಡೆ ನೋಡಿದ. ಅಪ್ಪ ನೆಲ ನೋಡಿದ.

"ಐತ್ರಿ," ಅಂದ ತಲಾಠಿ.

"ಹೊಡೀರಿ. ನಮ್ಮ ಹಗೇದಾಗ ಜ್ವಾಳ ಐತಿ. ದಿನಾ ರೊಟ್ಟಿ ಆಗತಾವ. ಈಕಿ ನಮ್ಮ ಮನಿ ಮುಂದ ಅಷ್ಟ ಕೆಪ್ಪಿ. ಆ ಜಾಗಾದಾಗ ಈ ಕೂಸಿನ ಹೆಸರು ಬರೀರಿ."

ಆಮ್ಯಾಲ ಬಗ್ಗಿ, ಶಾಂತಾಬಾಯಿಗೆ, ಬಾವಿ ಹಂತೇಕ ಮಾತಾಡಿದಂಗ ಅಂದ್ಲು, "ಬಾಯಿಯವರ, ನಮ್ಮ ಹಲಗಿ ಸೀಳೇತ್ರಿ. ನಿಮ್ಮ ಹಲಗಿ ಮ್ಯಾಲ ಬಡಕೋತೇನಿ, ನಾಕು ದಿನ ನಿಮ್ಮ ಮನ್ಯಾಗ ಜಾಗಾ ಕೊಡ್ರಿ."

ನಮ್ಮ ಹಲಗಿ ಸೀಳಿರಲಿಲ್ಲ. ಶಾಂತಾಬಾಯಿಗೂ ಗೊತ್ತಿತ್ತು. ಆಕಿ ಹಲಗಿ ಎತ್ತಿ ಅವ್ವನ ಕೈಯಾಗ ಇಟ್ಲು. "ಒಯ್ಯಿ ತಂಗಿ. ಇನ್ನ ನನಗ ಅದರದು ಕೆಲಸ ಇಲ್ಲ," ಅಂದ್ಲು. ಎದ್ದು ಮೆಟ್ಟಲ ಇಳದು ಹೋದ್ಲು. ಚಂಪಾನ್ನ ಕರೀಲಿಲ್ಲ. ಎರಡು ಹೊತ್ತು ಹಾಲು ಅಂದಾರ, ಕುಡದು ಬರಲಿ ಅಂತ ಬಿಟ್ಟಳೇನೋ.

ಸಾಹೇಬನ ಮಾರಿ ಆವಾಗ ಕೆಂಪಾತು. "ಏನ್ರಿ ಗುಮಾಸ್ತರ? ಅಂದ್ರ ಈ ಹುಡುಗಿ ಹೇಳಿದ್ದು ಸುಳ್ಳು. ಅಲ್ಲಿ ಇಲ್ಲದ ರೊಟ್ಟಿ ಎಣಿಸ್ಯಾಳ, ಇಲ್ಲಿ ಇದ್ದದ್ದು ಬಿಟ್ಟಾಳ. ಯಾದೀನ ಸುಳ್ಳು. ತಲಾಠಿ, ಹರೀರಿ ಅದನ್ನ. ಮರು ತನಿಖಿ ಆಗೂತನಕ ಕಾಮಗಾರಿ ಬಂದ್."

"ನನ್ನ ಅನ್ನ ತಿಂದು ನನಗ ಮೋಸ!" ಅಂದ ಸಾವಕಾರ, ಅಪ್ಪಗ. "ನಾಳಿಂದ ಗಂಜೀನೂ ಇಲ್ಲ, ನೀನೂ ಇಲ್ಲ."

ಪಾದ್ರಿ, "ನಾನು ಮ್ಯಾಲಿನವರಿಗೆ ಬರದು ಕೇಳಬೇಕಾಗತೈತಿ. ಯಾದಿ ಇಲ್ಲದ ಕೊಡಬಾರ್ದು ಅಂತ ಐತಿ," ಅಂದ. ಮಾರಿ ಎತ್ತದ ಡಬ್ಬಿ ಮುಚ್ಚಳ ಹಾಕಿದ, ಅಂಗೈಲೆ ಗುದ್ದಿ ಗುದ್ದಿ ಕುಂಡ್ರಿಸಿದ.

ಅವ್ವ ಹಲಗಿ ಎದಿಗೆ ಹಿಡಕೊಂಡ ನಿಂತಿದ್ಲು. "ಹಂಗಲ್ರಿ... ನಮ್ಮದೊಂದ ಹೆಸರು ಹೊಡೀರಿ ಅಂದ್ನೆಲ್ರಿ," ಅಂದ್ಲು. ಯಾರೂ ಕೇಳಲಿಲ್ಲ. ಖಡಿ ಒಡ್ಯಾವರು, ಗಂಜಿ ಕುಡ್ಯಾವರು, ಎಲ್ಲಾರೂ ಅವ್ವನ ಮಾರಿ ನೋಡಾಕತ್ತಿದ್ರು. ಅಂಥಾ ನೋಟ ನನ್ನ ಯಾರೂ ಯಾವತ್ತೂ ನೋಡಿರಲಿಲ್ಲ, ಅಷ್ಟು ಮನಿ ಗೀಟು ಹೊಡಸಿದ್ರೂ.

ಚಂಪಾ ಎದ್ದು ಡಬ್ಬಿ ಹಂತೇಕ ಹೋತು. ಮುಚ್ಚಳ ಹಾಕಿದ್ದು ನೋಡಿತು. ಪಾದ್ರಿ ಕಡೆ ತಿರಗಿ ವಾಟೆ ಬೋರಲು ಹಾಕಿ ತೋರಿಸಿತು, ಬೆರಳು ಒಳಗ ಹಾಕಿ ತಿರವಿ ತೋರಿಸಿತು.

"ತೊಳಕೊಂಡ ಬಂದೇನ್ರಿ," ಅಂತು.

ನನಗ ನಗಿ ಬಂತು. ಖರೇನ ಬಂತು, ರೂಢಿ ಆಗಿತ್ತು, ತಡಕೊಳ್ಳಾಕ ಆಗಲಿಲ್ಲ. ಇಡೀ ಚಾವಡ್ಯಾಗ ನಾ ಒಬ್ಬಾಕೇ ನಕ್ನಿ. ಅವ್ವ ಹಲಗಿ ಕೆಳಗ ಇಟ್ಟು, ಹಿಟ್ಟಿನ ಕೈಲೇ ನನ್ನ ಬಾಯಿ ಮುಚ್ಚಿದ್ಲು.